ಹಿಮ ಕೊರೆಯೋ ಹಲಗಿ, ಮತ್ತ ಅದರ ಹಿಂದಿನ ನಮ್ಮ ಕಥಿ

ಭಾಗ 1/8 : ನಮಗೂ ಅದಕ್ಕೂ ಏನ್ ಸಂಬಂಧ?

ಆ ರೀಲ್ ನಿಮ್ಮ ಫೋನಿಗೂ ಬಂದಿರತೈತಿ. ಬೆಳ್ಳನ ಗುಡ್ಡ, ನೀಲಿ ಆಕಾಶ. ಒಬ್ಬಾಕಿ ಒಂದು ಹಲಗಿ ಮ್ಯಾಲ ಅಡ್ಡ ನಿಂತು ಕೆಳಗ ಇಳಿತಾಳ. ಒಮ್ಮೆ ಎಡಕ್ಕ ವಾಲ್ತಾಳ, ಒಮ್ಮೆ ಬಲಕ್ಕ. ಕೈ ಹಿಮಕ್ಕ ತಾಗ್ತೈತಿ, ಆದ್ರೂ ಬೀಳಂಗಿಲ್ಲ. ಹಿಂದ ಎಸ್ ಆಕಾರದ ಒಂದ ಗೆರಿ ಉಳಿತೈತಿ, ದಾರದಷ್ಟ ಸಣ್ಣದು. ಇದಕ್ಕ ಸ್ನೋಬೋರ್ಡ್ ಕಾರ್ವಿಂಗ್ ಅಂತಾರ. ಕಾರ್ವ್ ಅಂದ್ರ ಕೊರೆಯೋದು, ಕೆತ್ತೋದು.

ನಮ್ಮ ಕ್ಲಾಸ್ ಗ್ರೂಪಿನಾಗ ಇಂಥ ವಿಡಿಯೋ ಬಂದ್ರ ಉತ್ತರ ರೆಡಿ ಇರತೈತಿ: "ನಮ್ ಕಡೆ ಐಸ್ ಅಂದ್ರ ಜಾತ್ರ್ಯಾಗಿನ ಐಸ್‌ಕ್ಯಾಂಡಿ ಅಷ್ಟ." ನಗು ಬರೋ ಮಾತ ಹೌದು. ಗಲಗಲಿಗೆ ಕೃಷ್ಣಾ ನದಿ ಐತಿ, ಕಬ್ಬೈತಿ, ಎರಿ ಮಣ್ಣೈತಿ. ಏಪ್ರಿಲ್ ಬಿಸಿಲಿಗೆ ಡಾಂಬರ್ ಮೆತ್ತಗಾಗೋ ಊರಿದು. ಇಲ್ಲಿ ಹಿಮದ ಇತಿಹಾಸ ಬರೀತೀನಿ ಅಂದ್ರ ತಲಿ ಕೆಟ್ಟೈತಿ ಅಂತೀರಿ.

ಆದ್ರ ಆ ನಗೆಯ ಕೆಳಗ ಒಂದು ನಂಬಿಕಿ ಐತಿ ನೋಡ್ರಿ. ಕೆಲವು ಆಟ, ಕೆಲವು ಜಾಗ, ಕೆಲವು ಇತಿಹಾಸ ಬ್ಯಾರೆಯವರದು, ನಾವು ಬರೇ ನೋಡೋರು ಅನ್ನೋ ನಂಬಿಕಿ. ಈ ಎಂಟು ಭಾಗದಾಗ ಅದನ್ನ ಸ್ವಲ್ಪ ಅಲುಗಾಡಿಸೋ ವಿಚಾರ ನಂದು. ಯಾಕಂದ್ರ ಭಾರತದ ಹಿಮದ ಆಟದ ಕಥಿ ಬಿಚ್ಚಿದ್ರ ಒಳಗ ಮಡಿಕೇರಿ ಬರತೈತಿ, ಬೆಂಗಳೂರಿನ ಹಲಸೂರು ಬರತೈತಿ, ಕೊನೀಗೆ ನಮ್ಮ ಜಿಲ್ಲೆಯ ಬಾದಾಮಿನೂ ಬರತೈತಿ.

ಸೇವ್ ಮಾಡಿಟ್ಕೊಳ್ರಿ. ಮೊದಲು ಆ ಹಲಗಿ ಹೆಂಗ ಕೆಲಸ ಮಾಡತೈತಿ ಅನ್ನೋದು.

ಭಾಗ 2/8 : ಬುಡಬುಡಿಕಿ ನಡು

ಸ್ನೋಬೋರ್ಡನ್ನ ಮ್ಯಾಲಿಂದ ನೋಡಿದ್ರ ಎರಡೂ ತುದಿ ಅಗಲ, ನಡು ಸಣ್ಣ. ನಮ್ಮ ಬುಡಬುಡಿಕಿಯನ್ನ ಎಳೆದು ಉದ್ದ ಮಾಡಿದಂಗ. ಈ ಒಳಬಾಗಿಗೆ ಸೈಡ್‌ಕಟ್ ಅಂತಾರ. ಕಾರ್ವಿಂಗಿನ ಅರ್ಧ ಗುಟ್ಟು ಇದರಾಗೇ ಐತಿ.

ಹಲಗಿ ಚಪ್ಪಟೆ ಇದ್ದಾಗ ಸೀದಾ ಜಾರತೈತಿ. ಸವಾರ ಒಂದು ಬದಿಗೆ ವಾಲಿದ್ರ ಹಲಗಿ ಅಂಚಿನ ಮ್ಯಾಲ ನಿಲ್ಲತೈತಿ. ಅಗಲ ಇರೋ ಎರಡು ತುದಿ ಮೊದಲು ಹಿಮ ಮುಟ್ಟತಾವ, ಮೈಭಾರಕ್ಕ ನಡು ಬಿಲ್ಲಿನಂಗ ಬಾಗತೈತಿ. ಆಗ ಇಡೀ ಅಂಚು ಒಂದು ದೊಡ್ಡ ವೃತ್ತದ ತುಣುಕು ಆಗತೈತಿ, ಹಲಗಿ ಆ ವೃತ್ತದ ದಾರಿ ಹಿಡಿದು ತಾನ ತಿರುಗತೈತಿ. ಸಾಮಾನ್ಯ ಬೋರ್ಡಿನ ಸೈಡ್‌ಕಟ್ ತ್ರಿಜ್ಯ ಸುಮಾರು 7ರಿಂದ 9 ಮೀಟರ್. ರೇಸಿನ ಬೋರ್ಡಿಗೆ ಇದಕ್ಕಿಂತ ಭಾಳ ಜಾಸ್ತಿ, ಅದಕ್ಕ ಅದರ ತಿರುವೂ ದೊಡ್ಡದು, ವೇಗಾನೂ ಜಾಸ್ತಿ.

ಜಾರೋದಕ್ಕೂ ಕೊರೆಯೋದಕ್ಕೂ ಫರಕ್ ತಿಳೀಬೇಕಾ? ಮಳಿ ಬಂದ ಮರುದಿನ ಎರಿ ಹೊಲದ ದಾರ್ಯಾಗ ಬೈಕ್ ಹೋಗೋದನ್ನ ನೆನಪು ಮಾಡ್ಕೊಳ್ರಿ. ಹಿಂದಿನ ಗಾಲಿ ಅಡ್ಡ ಜಾರಿದ್ರ ಅಗಲಕ್ಕ ಕೆರೆದ ಗುರ್ತು ಬೀಳತೈತಿ. ಅದ ಡಾಂಬರ್ ರಸ್ತಾದಾಗ ಮೈ ವಾಲಿಸಿ ತಿರುವು ತಗೊಂಡ್ರ ಗಾಲಿ ತನ್ನ ಗೆರಿ ಬಿಟ್ಟು ಆಚೆ ಹೋಗಂಗಿಲ್ಲ. ಮೊದಲನೇದು ಸ್ಕಿಡ್, ಎರಡನೇದು ಕಾರ್ವ್. ಸ್ಕಿಡ್ ಆದಾಗ ವೇಗ ಸೋರಿ ಹೋಗತೈತಿ. ಕಾರ್ವ್‌ನಾಗ ವೇಗ ಉಳಿತೈತಿ, ಜತಿಗೆ ಬಾಗಿದ ಹಲಗಿ ತಿರುವಿನ ಕೊನಿಗೆ ನೆಟ್ಟಗಾಗಿ ಸವಾರನನ್ನ ಮುಂದಿನ ತಿರುವಿಗೆ ಚಿಮ್ಮಸತೈತಿ. ಆ ಚಿಮ್ಮೋ ಖುಷಿಗೇ ಜನ ಮತ್ತ ಮತ್ತ ಲಿಫ್ಟ್ ಹತ್ತೋದು.

ಫ್ರಾನ್ಸಿನ ಸೆರ್ಜ್ ವಿಟೆಲಿ ಅನ್ನೋ ಸವಾರ ಇಡೀ ಮೈಯನ್ನ ಹಿಮದ ಮ್ಯಾಲ ಹಾಸಿದಂಗ ವಾಲಿ ತಿರುಗತಿದ್ದ. ಆ ತಿರುವಿಗೆ ಇವತ್ತಿಗೂ ವಿಟೆಲಿ ಟರ್ನ್ ಅಂತಾನ ಹೆಸರು.

ಆದ್ರ ಇಷ್ಟಕ್ಕೆಲ್ಲ ಹಲಗಿ ಒಂದ ಸಾಲಂಗಿಲ್ಲ. ಹೊಲಾನೂ ಹದ ಇರಬೇಕು.

ಭಾಗ 3/8 : ಹಿಮಕ್ಕೂ ಕುಂಟಿ ಹೊಡಿತಾರ

ಬಿತ್ತೋ ಮುಂದ ನಾವೇನ್ ಮಾಡ್ತೀವಿ? ಹೆಂಟಿ ಒಡೀತೀವಿ, ಹರಗ್ತೀವಿ, ಕೊರಡು ಎಳೆದು ಮಟ್ಟ ಮಾಡ್ತೀವಿ. ಹಿಮದ ಇಳಿಜಾರಿಗೂ ಇದ ಕೆಲಸ ಐತಿ, ಹೆಸರು ಗ್ರೂಮಿಂಗ್. ಬಿದ್ದ ಹಿಮ ಒಂದ ಸಮ ಇರಂಗಿಲ್ಲ. ಒಂದು ಕಡೆ ಮಂಡಿ ಮಟ ಪುಡಿ, ಇನ್ನೊಂದು ಕಡೆ ಕಲ್ಲಿನಂಥ ಗಡ್ಡೆ. ದಿನಾ ಸಾವಿರಾರು ಮಂದಿ ಇಳಿದ್ರ ದಿಬ್ಬ ಬೀಳತಾವ. ಅಂಥಾದ್ರಾಗ ಅಂಚು ಹಿಡಿದು ಸ್ವಚ್ಛ ಗೆರಿ ಕೊರೆಯೋದು ಕಷ್ಟ.

ಮೊದಲು ಮನುಷ್ಯರೇ ಕಾಲಿಗೆ ಸ್ಕೀ ಕಟ್ಟಿಕೊಂಡು ಸಾಲಾಗಿ ನಿಂತು, ಅಡ್ಡಡ್ಡ ಹೆಜ್ಜಿ ಹಾಕಿ ಹಿಮ ತುಳಿದು ಗಟ್ಟಿ ಮಾಡತಿದ್ರು. 1950ರ ದಶಕದ ಸುರುವಿನಾಗ ಅಮೆರಿಕದ ಕೊಲೊರಾಡೊ ರಾಜ್ಯದ ವಿಂಟರ್ ಪಾರ್ಕ್‌ನಾಗ ಸ್ಟೀವ್ ಬ್ರಾಡ್ಲಿ ಅನ್ನೋರು ಒಂದು ಯಂತ್ರ ಮಾಡಿದ್ರು. ಅದನ್ನ ಎಂಜಿನ್ ಎಳೀತಿರಲಿಲ್ಲ! ಒಬ್ಬ ಮನುಷ್ಯ ಸ್ಕೀ ಹಾಕ್ಕೊಂಡು ಮುಂದ ಇಳಿಯೋದು, ಭಾರದ ಯಂತ್ರ ಹಿಂದಿನಿಂದ ದಿಬ್ಬ ಕೆರೆದು ರೋಲರ್ ಹೊಡಕೋತ ಬರೋದು. ಎತ್ತಿನ ಜಾಗದಾಗ ಮನುಷ್ಯ, ಅದೂ ಇಳಿಜಾರಿನ್ಯಾಗ. ಕಾಲು ತಪ್ಪಿದ್ರ ಕುಂಟಿ ಮೈ ಮ್ಯಾಲ.

ಆಮ್ಯಾಲ ಚೈನ್ ಗಾಲಿಯ ದೊಡ್ಡ ಯಂತ್ರ ಬಂದವು. ಜರ್ಮನಿಯ ಕೆಸ್‌ಬೋರರ್ ಕಂಪನಿ 1969ರಾಗ ಪಿಸ್ಟನ್‌ಬುಲ್ಲಿ ತಂತು. ಇಂಥ ಯಂತ್ರ ಮುಂದ ಬ್ಲೇಡಿನಿಂದ ದಿಬ್ಬ ತಳ್ಳತೈತಿ, ಹಿಂದ ರೋಟಾವೇಟರ್ ಹಂಗ ತಿರುಗೋ ಹಲ್ಲಿನಿಂದ ಹಿಮ ಪುಡಿ ಮಾಡಿ ಹಾಸತೈತಿ. ರಾತ್ರಿ ಇಡೀ ಕೆಲಸ. ಮುಂಜಾನೆ ಎದ್ದು ನೋಡಿದ್ರ ಗುಡ್ಡದ ತುಂಬ ಸಣ್ಣ ಸಣ್ಣ ಸಾಲು.

ಆ ಸಾಲಿನ ಮೈಗೆ ಅವರು ಕಾರ್ಡುರಾಯ್ ಅಂತಾರ. ಹೌದು, ಗೆರಿ ಗೆರಿ ಇರೋ ದಪ್ಪ ಪ್ಯಾಂಟಿನ ಬಟ್ಟೀನ! ಪಕ್ಕದ ರಬಕವಿ-ಬನಹಟ್ಟ್ಯಾಗ ಮಗ್ಗದ ಮನಿಯವರಿಗೆ ಬಟ್ಟಿ ಮೈ ಮುಟ್ಟಿದ್ರ ಸಾಕು, ನೇಯ್ಗಿ ಎಂಥದ್ದಂತ ಹೇಳತಾರ. ಕಾರ್ವಿಂಗ್ ಮಾಡೋರೂ ಹಂಗ. ಯಾರೂ ತುಳಿಯದ ಆ ಮುಂಜಾನೆಯ ಸಾಲಿನ ಮ್ಯಾಲ ಮೊದಲ ಗೆರಿ ಎಳೀಬೇಕಂತ ಲಿಫ್ಟ್ ಸುರು ಆಗೋಕ್ಕಿಂತ ಮೊದಲ ಬಂದು ನಿಲ್ಲತಾರ.

ಭಾಗ 4/8 : 1965, ಎರಡು ಸ್ಕೀ, ಒಂದು ಹಗ್ಗ

ಈ ಹಲಗಿ ಹುಟ್ಟಿದ್ದು ಮನಿ ಮುಂದಿನ ಆಟದಿಂದ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್ ರಾಜ್ಯದ ಮಸ್ಕೀಗನ್ ಊರಿನ ಶರ್ಮನ್ ಪಾಪೆನ್ ಅನ್ನೋ ಎಂಜಿನಿಯರ್, ಹೆಣ್ಣುಮಕ್ಕಳಿಗೆ ಆಡಾಕ ಅಂತ ಎರಡು ಸ್ಕೀ ಜೋಡಿಸಿ ಒಂದು ಹಲಗಿ ಮಾಡಿದ್ರು. ಹಿಡ್ಕೊಳ್ಳಾಕ ಮುಂದಿನ ತುದಿಗೆ ಹಗ್ಗ. ಸ್ನೋ ಮತ್ತು ಸರ್ಫ್ ಎರಡೂ ಕೂಡಿಸಿ ಹೆಂಡತಿ ನ್ಯಾನ್ಸಿ ಅದಕ್ಕ ಸ್ನರ್ಫರ್ ಅಂತ ಹೆಸರಿಟ್ರು. ಬ್ರನ್ಸ್‌ವಿಕ್ ಕಂಪನಿ ಅದನ್ನ ಮಾಡಿ ಮಾರಿತು, ಲಕ್ಷಗಟ್ಟಲೆ ಹೋದವು.

ಆ ಸ್ನರ್ಫರ್ ಹಿಡಿದು ಬೆಳೆದ ಹುಡುಗರಲ್ಲಿ ಒಬ್ಬ ಜೇಕ್ ಬರ್ಟನ್ ಕಾರ್ಪೆಂಟರ್. ನಮ್ಮ ಬಿಕಾಂ ಮಂದಿಗೆ ಹತ್ತಿರದವ, ಓದಿದ್ದು ಎಕನಾಮಿಕ್ಸ್. 1977ರಾಗ ವರ್ಮಾಂಟ್ ರಾಜ್ಯದಾಗ ಬರ್ಟನ್ ಕಂಪನಿ ಸುರು ಮಾಡಿದ. ಟಾಮ್ ಸಿಮ್ಸ್, ಡಿಮಿಟ್ರಿ ಮಿಲೊವಿಚ್ ಅಂಥವರೂ ಅದ ಹೊತ್ತಿಗೆ ತಮ್ಮ ತಮ್ಮ ಬೋರ್ಡ್ ಮಾಡತಿದ್ರು. ಕಾಲು ಕಟ್ಟೋ ಬೈಂಡಿಂಗ್ ಬಂತು, ಅಂಚಿಗೆ ಉಕ್ಕಿನ ಪಟ್ಟಿ ಬಂತು. ಪಟ್ಟಿ ಬಂದ ಮ್ಯಾಲನ ಗಟ್ಟಿ ಹಿಮದಾಗೂ ಹಿಡಿತ ಸಿಕ್ತು, ಅಂದ್ರ ಕಾರ್ವಿಂಗ್ ಸಾಧ್ಯ ಆಯ್ತು.

ಆದ್ರ ಗುಡ್ಡದ ಮಾಲೀಕರು ಒಳಗ ಬಿಡಲಿಲ್ಲ. "ಇದು ಅಪಾಯ, ಇನ್ಶೂರೆನ್ಸ್ ಒಪ್ಪಂಗಿಲ್ಲ, ಈ ಹುಡುಗರ ವೇಷಾನ ಸರಿ ಇಲ್ಲ" ಅನ್ನೋ ಧಾಟಿ. ವರ್ಮಾಂಟಿನ ಸ್ಟ್ರ್ಯಾಟನ್ ಗುಡ್ಡ 1983ರಾಗ ಬಾಗಿಲು ತೆಗೀತು. ಆಮ್ಯಾಲ ಒಂದೊಂದಾಗಿ ಉಳಿದವೂ ತೆಗೆದವು. ಆಲ್ಟಾ, ಡೀರ್ ವ್ಯಾಲಿ, ಮ್ಯಾಡ್ ರಿವರ್ ಗ್ಲೆನ್, ಈ ಮೂರು ಕಡೆ ಇವತ್ತಿಗೂ ಸ್ನೋಬೋರ್ಡಿಗೆ ಪ್ರವೇಶ ಇಲ್ಲ.

ಮಜಾ ಏನಂದ್ರ, ಹೊರಗ ನಿಲ್ಲಿಸಿದ ಹಲಗಿಯ ಸಣ್ಣ ನಡುವನ್ನ ಸ್ಕೀ ಮಾಡೋರೂ ಹಿಡಿದ್ರು. 1993ರಾಗ ಸ್ಲೊವೇನಿಯಾದ ಎಲಾನ್ ಕಂಪನಿ ನಡು ಸಣ್ಣ ಇರೋ ಸ್ಕೀ ತಂತು. ಕೆಲವ ವರ್ಷದಾಗ ಹಳೆ ನೆಟ್ಟನೆ ಸ್ಕೀ ಮೂಲಿಗೆ ಹೋದವು. 1998ರಾಗ ಜಪಾನಿನ ನಾಗಾನೊ ಒಲಿಂಪಿಕ್ಸ್‌ಗೆ ಸ್ನೋಬೋರ್ಡ್ ಬಂತು. 2018ರಾಗ ಚೆಕ್ ದೇಶದ ಎಸ್ಟರ್ ಲೆಡೆಸ್ಕಾ ಒಂದ ಒಲಿಂಪಿಕ್ಸ್‌ನಾಗ ಸ್ಕೀಗೂ ಚಿನ್ನ, ಸ್ನೋಬೋರ್ಡಿಗೂ ಚಿನ್ನ ಗೆದ್ಲು. ಬ್ಯಾಡಂದ ಬಾಗಿಲ ಎರಡೂ ಕಡೆಯಿಂದ ದಾಟಿದಂಗಾಯ್ತು.

1965ರ ಡಿಸೆಂಬರ್ ನೆನಪಿಟ್ಕೊಳ್ರಿ. ಆ ಕ್ರಿಸ್‌ಮಸ್‌ಗೆ ಸರಿಯಾಗಿ ಒಂದು ವಾರ ಮೊದಲು, ಡಿಸೆಂಬರ್ 18ಕ್ಕ, ದೂರದ ಸೈಪ್ರಸ್ ದ್ವೀಪದಾಗ ಒಬ್ಬ ಕನ್ನಡ ನಾಡಿನ ಜನರಲ್ ತೀರಿಕೊಂಡಿದ್ರು. ಮುಂದಿನ ಭಾಗ ಅವರದು.

ಭಾಗ 5/8 : ಮಡಿಕೇರಿಯಿಂದ ಜೋಜಿಲಾ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹುಟ್ಟಿದ್ದು 1906ರಾಗ, ಮಡಿಕೇರ್ಯಾಗ. ಮುಂದ 1957ರಿಂದ 1961ರ ತನಕ ಭಾರತದ ಸೇನಾ ಮುಖ್ಯಸ್ಥರು. ನಮ್ಮ ಕಥಿಗೆ ಬೇಕಾಗಿರೋದು 1948.

ಸ್ವಾತಂತ್ರ್ಯ ಬಂದು ಒಂದು ವರ್ಷ ಆಗಿತ್ತು, ಕಾಶ್ಮೀರದಾಗ ಯುದ್ಧ ನಡೆದಿತ್ತು. ಲಡಾಖಿಗೆ ಹೋಗೋ ದಾರಿ ಜೋಜಿಲಾ ಕಣಿವೆ, ಎತ್ತರ ಸುಮಾರು 3,500 ಮೀಟರ್. ಅದು ಎದುರಾಳಿ ಕೈಯಾಗ ಇತ್ತು, ಲೇಹ್ ಒಂಟಿ ಆಗಿತ್ತು. ಸೆಪ್ಟೆಂಬರಿನಾಗ ಕಾಲಾಳು ಪಡೆ ಮಾಡಿದ ದಾಳಿ ಫಲಿಸಲಿಲ್ಲ. ಚಳಿಗಾಲ ಬಂದ್ರ ಕಣಿವೆ ಹಿಮದಾಗ ಮುಚ್ಚತಿತ್ತು. ಉಳಿದಿದ್ದು ಕೆಲವ ವಾರ.

ಆಗ ಅಲ್ಲಿಯ ಡಿವಿಜನ್ ಕಮಾಂಡರ್ ಮೇಜರ್ ಜನರಲ್ ತಿಮ್ಮಯ್ಯ. ಅವರ ಮ್ಯಾಲಿನ ಕಮಾಂಡ್ ನೋಡತಿದ್ದವರು ಇನ್ನೊಬ್ಬ ಕೊಡಗಿನವರು, ಕೆ. ಎಂ. ಕಾರ್ಯಪ್ಪ. ಯೋಜನೆ ಏನಪ್ಪಾ ಅಂದ್ರ ಅಷ್ಟು ಎತ್ತರಕ್ಕ ಟ್ಯಾಂಕ್ ಒಯ್ಯೋದು! ಅಲ್ಲೀ ಮಟ ಯಾವ ಯುದ್ಧದಾಗೂ ಅಷ್ಟು ಎತ್ತರದಾಗ ಟ್ಯಾಂಕ್ ಹೋರಾಡಿರಲಿಲ್ಲ. ಸ್ಟುವರ್ಟ್ ಟ್ಯಾಂಕುಗಳ ಮ್ಯಾಲಿನ ಗೋಪುರ ಬಿಚ್ಚಿ, ಗುಟ್ಟಾಗಿ ಸಾಗಿಸಿದ್ರು. ಬಾಲ್ತಾಲಿನಿಂದ ಮ್ಯಾಲ ಇದ್ದಿದ್ದು ಹೇಸರಗತ್ತೆ ಹೋಗೋ ದಾರಿ. ಅದನ್ನ ಟ್ಯಾಂಕ್ ಹೋಗೋ ರಸ್ತಾ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಎಲ್ಲೈತಿ ಗೊತ್ತೇನ್ರಿ? ಬೆಂಗಳೂರಿನ ಹಲಸೂರು ಕೆರಿ ಪಕ್ಕ.

1948ರ ನವೆಂಬರ್ 1ಕ್ಕ ಟ್ಯಾಂಕ್ ಕಣಿವಿ ಹತ್ತಿದವು. ತಿಮ್ಮಯ್ಯನವರು ಸ್ವತಃ ಮುಂದಿನ ಟ್ಯಾಂಕಿನಾಗ ಇದ್ರು ಅಂತ ದಾಖಲಾಗೈತಿ. ಜೋಜಿಲಾ ಕೈಗೆ ಬಂತು, ಅದ ತಿಂಗಳದಾಗ ದ್ರಾಸ್, ಕಾರ್ಗಿಲ್.

ಆದ್ರ ಆ ಯುದ್ಧ ಇನ್ನೊಂದು ಪಾಠ ಕಲಿಸಿತ್ತು. ಬಯಲುಸೀಮಿಯಿಂದ ಹೋದ ಸೈನಿಕರಿಗೆ ಹಿಮದಾಗ ಬದುಕೋದು, ನಡಿಯೋದು ಬರತಿರಲಿಲ್ಲ. ಅದಕ್ಕ 1948ರ ಡಿಸೆಂಬರಿನಾಗ ಅದ 19ನೇ ಇನ್‌ಫೆಂಟ್ರಿ ಡಿವಿಜನ್ ಗುಲ್ಮಾರ್ಗಿನಾಗ ಒಂದು ಸ್ಕೀ ಶಾಲೆ ತೆರೀತು.

ಭಾಗ 6/8 : ಗುಲ್ಮಾರ್ಗ್ ಹೆಂಗ ಗುಲ್ಮಾರ್ಗ್ ಆತು

ಗುಲ್ಮಾರ್ಗಿನಾಗ ಸ್ಕೀ ಮೊದಲ ಸಲ ಬಂದಿದ್ದು 1948ಕ್ಕಲ್ಲ. ಬ್ರಿಟಿಷ್ ಅಧಿಕಾರಿಗಳು 1927ರಾಗ ಅಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿದ್ರು. ಆದ್ರ ಅದು ರಜಾ ಕಳಿಯೋ ಸಾಹೇಬರ ಕ್ಲಬ್. ಡಿವಿಜನ್ ಶಾಲೆ ಬ್ಯಾರೆ ತರದ್ದು. ಇಲ್ಲಿ ಕಲಿಯಾಕ ಬಂದವರು ಹಳ್ಳಿ ಹುಡುಗರು, ಅದರಾಗ ಹಿಮಾನ ನೋಡದವರೂ ಇದ್ರು. ಸ್ಕೀ ಅವರಿಗೆ ಶೋಕಿ ಅಲ್ಲ, ಜೀವ ಉಳಿಸ್ಕೊಳ್ಳೋ ವಿದ್ಯೆ. 1962ರ ಏಪ್ರಿಲ್‌ನಾಗ ಅದಕ್ಕ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಅಂತ ಹೆಸರಾತು. ಇವತ್ತು ಎತ್ತರದ ಯುದ್ಧ ತರಬೇತಿಗೆ ಹೊರದೇಶದ ಸೈನ್ಯದವರೂ ಅಲ್ಲಿಗೆ ಬರತಾರ. ಭಾರತದ ಸ್ಕೀ ಸ್ಪರ್ಧೆಗಳ ಪದಕ ಪಟ್ಟ್ಯಾಗ ಸೇನೆ ಹೆಸರು ಮ್ಯಾಲ ಮ್ಯಾಲ ಯಾಕ ಬರತೈತಿ ಅನ್ನೋದಕ್ಕ ಉತ್ತರ ಇಲ್ಲೈತಿ.

ಸಾಮಾನ್ಯರಿಗೆ ಗುಡ್ಡ ತೆರೆದಿದ್ದು ಗೊಂಡೋಲಾ, ಅಂದ್ರ ಹಗ್ಗದ ಮ್ಯಾಲಿನ ಡಬ್ಬಿ ಗಾಡಿ. ಮೊದಲ ಹಂತ 1998ಕ್ಕ ಸುರು ಆತು, ಎರಡನೇದು 2005ಕ್ಕ. ಊರು 2,650 ಮೀಟರ್ ಎತ್ತರದಾಗ ಐತಿ, ಗೊಂಡೋಲಾ ಅಫರ್ವಟ್ ಶಿಖರದ ಹತ್ತಿರ 3,900 ಮೀಟರ್ ದಾಟಿ ಒಯ್ಯತೈತಿ. ಮ್ಯಾಲಿನ ಭಾಗದಾಗ ಹದ ಮಾಡದ ಪುಡಿ ಹಿಮಾನ ಜಾಸ್ತಿ, ಹೊರದೇಶದ ಸ್ನೋಬೋರ್ಡ್ ಮಂದಿ ಬರೋದೂ ಅದಕ್ಕ. ಗೆರಿ ಕೊರೆಯೋರಿಗೆ ಬೇಕಾದ ಹದದ ಇಳಿಜಾರು ಕೆಳಗಿನ ಭಾಗದಾಗ.

ಒಲಿಂಪಿಕ್ಸ್ ಲೆಕ್ಕ ನೋಡಿದ್ರ, 1964ರಾಗ ಜೆರೆಮಿ ಬುಯಾಕೋವ್‌ಸ್ಕಿ ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಸ್ಪರ್ಧಿ. ಸ್ನೋಬೋರ್ಡ್ ಮೊದಲ ಬಂದ ಅದ 1998ರ ನಾಗಾನೊಕ್ಕ ಭಾರತದಿಂದ ಹೋಗಿದ್ದು ಒಬ್ಬನ, 16 ವರ್ಷದ ಶಿವ ಕೇಶವನ್. ಅವನ ಆಟ ಲೂಜ್, ಮಲಗಿ ಇಳಿಯೋ ಸಣ್ಣ ಗಾಡಿ. 2018ರಾಗ ಮನಾಲಿ ಕಡೆಯ ಆಂಚಲ್ ಠಾಕೂರ್ ಟರ್ಕಿಯಲ್ಲಿ ಕಂಚು ಗೆದ್ದು, ಸ್ಕೀಯಿಂಗ್‌ನಾಗ ಭಾರತಕ್ಕ ಮೊದಲ ಅಂತರರಾಷ್ಟ್ರೀಯ ಪದಕ ತಂದ್ಲು. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಒಬ್ಬನ, ಕಾಶ್ಮೀರದ ಆರಿಫ್ ಖಾನ್.

ಎಲ್ಲಾ ಹಿಮ ಇರೋ ಊರಿನ ಹೆಸರು ಅಂತೀರಾ? ತಡೀರಿ.

ಭಾಗ 7/8 : ಪದಕ ಪಟ್ಟ್ಯಾಗ ಎರಡನೇ ಸಾಲು

ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ 2020ರಿಂದ ನಡೀತೈತಿ. ಐಸ್ ಮ್ಯಾಲಿನ ಆಟ ಲೇಹ್‌ನಾಗ, ಹಿಮದ ಆಟ ಗುಲ್ಮಾರ್ಗಿನಾಗ. ಅದರಾಗ ಸ್ನೋಬೋರ್ಡೂ ಐತಿ.

2024ರ ಪಟ್ಟಿ ನೋಡ್ರಿ. ಮೊದಲು ಭಾರತೀಯ ಸೇನೆ, 10 ಚಿನ್ನ. ಎರಡನೇದು ಕರ್ನಾಟಕ, 9 ಚಿನ್ನ! ಹಿಮ ಬೀಳೋ ರಾಜ್ಯಗಳನ್ನ ಹಿಂದ ಹಾಕಿ, ಒಂದು ಹನಿ ಹಿಮ ಬೀಳದ ರಾಜ್ಯ. ದೊಡ್ಡ ಪಾಲು ಐಸ್ ಸ್ಕೇಟಿಂಗ್‌ನಿಂದ ಬಂದಿದ್ದು. ಗುಲ್ಮಾರ್ಗಿನ ಹಿಮದಾಗ ಕರ್ನಾಟಕದ ಹೆಸರು ಹೇಳಿಸಿದಾಕಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ. ನಾರ್ಡಿಕ್ ಸ್ಕೀಯಿಂಗ್‌ನಾಗ ಚಿನ್ನ.

ಇಲ್ಲೊಂದು ಮಾತು ಸ್ಪಷ್ಟ ಇರಲಿ. ನಾರ್ಡಿಕ್ ಸ್ಕೀ ಅಂದ್ರ ಗುಡ್ಡ ಇಳಿದು ಗೆರಿ ಕೊರೆಯೋದಲ್ಲ. ಮಟ್ಟದ ಹಾದಿ, ಏರು, ಇಳಿಜಾರು ಎಲ್ಲಾ ಸ್ವಂತ ಕೈ ಕಾಲಿನ ಬಲದ ಮ್ಯಾಲ ಕಿಲೋಮೀಟರ್‌ಗಟ್ಟಲೆ ಓಡೋದು. ಆದ್ರ ಆ ಹಾದಿನೂ ಗ್ರೂಮಿಂಗ್ ಯಂತ್ರ ಹದ ಮಾಡಿದ್ದ. ಹಲಗಿ ಬ್ಯಾರೆ, ಹೊಲ ಒಂದ. ಭವಾನಿ 2023ರಾಗ ಸ್ಲೊವೇನಿಯಾದ ಪ್ಲಾನಿಟ್ಸಾದ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಿಬಂದ್ರು. 2025ರ ಸೆಪ್ಟೆಂಬರಿನಾಗ ಚಿಲಿ ದೇಶದ ಕೊರಾಲ್ಕೊದಾಗ 5 ಕಿಲೋಮೀಟರ್ ಓಟದಾಗ ಕಂಚು ಗೆದ್ರು. ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಾಗ ಅಂತರರಾಷ್ಟ್ರೀಯ ಪದಕ ಪಡೆದ ಮೊದಲ ಭಾರತೀಯ ಹೆಣ್ಣುಮಗಳು.

1948ಕ್ಕ ಕೊಡಗಿನ ಒಬ್ಬರ ಡಿವಿಜನ್ ಶಾಲೆ ತೆರೆದ ಗುಲ್ಮಾರ್ಗಿನಾಗ, 76 ವರ್ಷದ ಆಮ್ಯಾಲ ಕೊಡಗಿನ ಇನ್ನೊಬ್ಬಾಕಿ ಚಿನ್ನ ಗೆದ್ದಿದ್ದು. ಇದನ್ನ ಯಾರೂ ಪ್ಲ್ಯಾನ್ ಮಾಡಿದ್ದಲ್ಲ. ಆದ್ರ ಎರಡರ ನಡುವ ಒಂದ ವಿಷಯ ಸಮ ಐತಿ: ಹಿಮ ಇಲ್ಲದ ಕಡೆಯಿಂದ ಹೋಗಿ, ಹಿಮ ಕಲಿತಿದ್ದು.

ಈಗ ಕಹಿ ಸುದ್ದಿ. 2025ರ ಫೆಬ್ರುವರಿಯಾಗ ಆಗಬೇಕಿದ್ದ ಗುಲ್ಮಾರ್ಗ್ ಸ್ಪರ್ಧೆ ಮುಂದ ಹೋತು, ಮಾರ್ಚ್ 9ರಿಂದ 12ಕ್ಕ ನಡೀತು. ಕಾರಣ, ಹಿಮ ಸಾಕಷ್ಟು ಬೀಳಲಿಲ್ಲ. 2024ರ ಜನವರಿಯಾಗೂ ಅಲ್ಲಿ ಒಣ ಮಣ್ಣು ಕಾಣೋ ಫೋಟೋ ಎಲ್ಲಾ ಕಡೆ ಬಂದಿದ್ವು. ಮಳಿ ಕೈಕೊಟ್ರ ಹೊಲದ ಮುಂದ ಕುಂತ ನಮ್ಮ ರೈತನ ಮಾರಿ ಹೆಂಗಿರತೈತಿ ನಿಮಗ ಗೊತ್ತೈತಿ. ಆ ಚಳಿಗಾಲ ಗುಲ್ಮಾರ್ಗಿನ ಗೈಡ್, ಹೋಟೆಲಿನವರು, ಸ್ಕೀ ಬಾಡಿಗಿ ಕೊಡೋರು ಹಂಗ ಆಕಾಶ ನೋಡಿದ್ರು.

ಭಾಗ 8/8 : ಲೆಕ್ಕ ಮುಗಿಸೋಣು

ಬಿಕಾಂ ವಿದ್ಯಾರ್ಥಿ ಬರದಾನ ಅಂದ ಮ್ಯಾಲ ಲೆಕ್ಕ ಬೇಕಲ್ಲ. ಲಿಫ್ಟ್, ಗ್ರೂಮಿಂಗ್ ಯಂತ್ರ, ರಕ್ಷಣಾ ಪಡೆ, ಇವೆಲ್ಲ ಸ್ಥಿರ ವೆಚ್ಚ. ಒಬ್ಬ ಬಂದ್ರೂ ಅಷ್ಟ, ಸಾವಿರ ಮಂದಿ ಬಂದ್ರೂ ಅಷ್ಟ. ಗಳಿಕಿ ಬರೋದು ಚಳಿಗಾಲದ ಮೂರ್ನಾಕು ತಿಂಗಳು ಮಾತ್ರ. ಅದರಾಗ ಹಿಮ ಒಂದು ತಿಂಗಳು ತಡ ಆದ್ರ ಖರ್ಚು ಹಂಗ ನಿಲ್ಲತೈತಿ, ಗಳಿಕಿ ಹೋಗಿಬಿಡತೈತಿ. ಅದಕ್ಕ ಈ ಆಟ ತುಟ್ಟಿ. ಬೋರ್ಡ್, ಬೂಟು, ಪ್ರಯಾಣ ಕೂಡಿಸಿದ್ರ ನಮ್ಮಂಥವರ ಮನಿ ಬಜೆಟ್ಟಿಗೆ ನಿಲುಕೋ ಮಾತಲ್ಲ. ಹಂಗಾಗಿ "ನಡೀರಿ ಎಲ್ಲಾರೂ ಸ್ನೋಬೋರ್ಡ್ ಕಲಿಯೋಣು" ಅಂತ ನಾ ಹೇಳಂಗಿಲ್ಲ.

ಹೇಳೋದು ಇಷ್ಟ. ಈ ಕಥಿಯೊಳಗ ಬಾಗಿಲು ತೆಗೆದಿದ್ದೆಲ್ಲ ಎರಡ ತರ. ಒಂದು, ಸ್ಟ್ರ್ಯಾಟನ್ ಗುಡ್ಡದಂಗ ಹೊರಗಿನವರು ಬಡಿದು ಬಡಿದು ತೆಗೆಸಿದ್ದು. ಇನ್ನೊಂದು, 1948ರ ಶಾಲೆಯಂಗ ಸರಕಾರದ ಖರ್ಚಿನಾಗ ತೆರೆದಿದ್ದು. ಎರಡನೇ ತರದ ಬಾಗಿಲು ನಮ್ಮ ಹತ್ತಿರಾನೂ ಅದಾವ, ನಾವ ನೋಡಿಲ್ಲ. ಕಾಲೇಜಿನ ಎನ್‌ಸಿಸಿ ಅಂದ್ರ ಬರೇ ಪರೇಡ್ ಮತ್ತ ನಾಷ್ಟಾ ಅನ್ಕೋಬ್ಯಾಡ್ರಿ. ಕೆಡೆಟ್‌ಗಳನ್ನ ಪರ್ವತಾರೋಹಣದ ಕೋರ್ಸಿಗೆ ಕಳಿಸತಾರ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಂಸ್ಥೆ ಒಂದು ಗುಲ್ಮಾರ್ಗಿನಾಗ ಸ್ಕೀ ಕೋರ್ಸ್ ನಡೆಸತೈತಿ. ಬೆಂಗಳೂರಿನಾಗ ರಾಜ್ಯ ಸರಕಾರದ ಸಾಹಸ ಅಕಾಡೆಮಿ ಐತಿ, ಅದರ ಹೆಸರ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ. ಮಡಿಕೇರಿಯ ಅವರ ಮನಿ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯ.

ಇನ್ನ ನಮ್ಮ ಜಿಲ್ಲಾ. ಬಾದಾಮಿಗೆ ನಾವು ಗುಹೆ ನೋಡಾಕ, ಬನಶಂಕರಿ ಜಾತ್ರಿಗೆ ಹೋಗ್ತೀವಿ. ಅದ ಕೆಂಪು ಕಲ್ಲು ಹತ್ತಾಕ ದೇಶ ವಿದೇಶದಿಂದ ಕ್ಲೈಂಬಿಂಗ್ ಮಂದಿ ಬರತಾರ. ಅವರಿಗೆ ನಮ್ಮ ಬಂಡಿ ಹೆಂಗೋ, ನಮಗ ಅವರ ಹಿಮ ಹಂಗ. ಹುಟ್ಟಿದ ಊರಾಗ ಇಲ್ಲ ಅಂತ ಅವರು ಬಿಡಲಿಲ್ಲ.

ಮುಂದಿನ ಸಲ ಆ ರೀಲ್ ಬಂದಾಗ ಐಸ್‌ಕ್ಯಾಂಡಿ ಜೋಕ್ ಹೊಡೀರಿ, ಅಡ್ಡಿ ಇಲ್ಲ. ಜತಿಗೆ ಜೋಜಿಲಾ ಕಥಿನೂ ಹೇಳ್ರಿ. ನಿಮ್ಮ ಕಾಲೇಜಿನ ಎನ್‌ಸಿಸಿಯಿಂದ ಯಾರರ ಹಿಮಾಲಯಕ್ಕ ಹೋಗಿ ಬಂದಿದ್ರ ಕಮೆಂಟಿನಾಗ ಬರೀರಿ, ಹೆಂಗ ಅರ್ಜಿ ಹಾಕಿದ್ರಿ ಅನ್ನೋದೂ ಇರಲಿ. ಓದೋ ಜೂನಿಯರ್‌ಗಳಿಗೆ ಅದ ಭಾಳ ಬೇಕಾಗಿರೋದು.

#ಇತಿಹಾಸ #ಜನರಲ್‌ತಿಮ್ಮಯ್ಯ #ಜೋಜಿಲಾ #ಗುಲ್ಮಾರ್ಗ್ #ಸ್ನೋಬೋರ್ಡ್ #ಗಲಗಲಿ #ಬಾಗಲಕೋಟೆ